ಉಪ್ಪು, ನೀರು, ಪ್ರಾಣ



ಕಾರವಾರದ ಸಭೆ ಮುಗಿದ ಮೇಲೆ ಹಾಸ್ಟೆಲಿನ ಹುಡುಗನೊಬ್ಬ ಹತ್ತಿರ ಬಂದ. ಪಿಯುಸಿ ಓದುವವನು, ಅಂಕೋಲೆ ಕಡೆಯವನು. "ಅಣ್ಣಾ, ಸ್ವಾತಂತ್ರ್ಯಕ್ಕಾಗಿ ಸಾಯೋಕೂ ನಾನು ರೆಡಿ" ಅಂದ. ನಾನು ಭೇಷ್ ಅನ್ನಬೇಕಿತ್ತು. "ಊಟ ಆಯ್ತನಾ?" ಅಂದೆ. ಅವನಿಗೆ ಬೇಜಾರಾಯ್ತು. ಆ ಹುಡುಗನಿಗೆ ಕೊಡದೆ ಉಳಿದ ಉತ್ತರವೇ ಈ ಸಲದ ಸಂಪಾದಕೀಯ.

ಅವನ ಊರಿನಿಂದಲೇ ಸುರು ಮಾಡೋಣ. 1930ರ ಏಪ್ರಿಲ್ 13ರಂದು ಎಂ.ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಅಂಕೋಲೆಯಲ್ಲಿ ಉಪ್ಪಿನ ಕಾಯ್ದೆ ಮುರಿದರು. ಮುಂದೆ ಕರನಿರಾಕರಣೆ ನಡೆಯಿತು. ರೈತರ ಜಮೀನು ಜಪ್ತಾಯಿತು, ಜನ ಜೈಲಿಗೆ ಹೋದರು, ಊರಿಗೆ ಕರ್ನಾಟಕದ ಬಾರ್ಡೋಲಿ ಅಂತ ಹೆಸರು ಬಂತು. ದೊಡ್ಡ ಹೋರಾಟವೇ ಹೌದು, ಹಗುರ ಮಾಡಿ ಹೇಳುತ್ತಿಲ್ಲ. ಆದರೆ ಉಪ್ಪಿನ ಮಾತು ಬಂದಾಗ ನನಗೆ ಆಗೇರರು ನೆನಪಾಗುತ್ತಾರೆ. ಆಗರ ಅಂದರೆ ಉಪ್ಪಿನ ಗದ್ದೆ. ಆ ಗದ್ದೆಯ ಹೆಸರನ್ನೇ ಜಾತಿಯಾಗಿ ಹೊತ್ತು, ತಲೆಮಾರುಗಟ್ಟಲೆ ಬಿಸಿಲಲ್ಲಿ ನಿಂತು ಉಪ್ಪು ತೆಗೆದವರು. ಉಪ್ಪಿನ ಮೇಲೆ ಬ್ರಿಟಿಷರು ತೆರಿಗೆ ಹಾಕಿದ್ದು ದೇಶಕ್ಕೇ ಅವಮಾನವಾಯಿತು. ಉಪ್ಪು ತೆಗೆದ ಕೈಯನ್ನು ಮುಟ್ಟಬಾರದು ಅಂದಿದ್ದು ಯಾರಿಗೆ ಅವಮಾನವಾಯಿತು?

ಅದೇ ವರುಷ ಮಾರ್ಚ್ 2ರಂದು, ದಂಡಿಗೆ ಹೊರಡುವ ಹತ್ತು ದಿನ ಮೊದಲು, ನಾಸಿಕದ ಕಾಳಾರಾಮ ಗುಡಿಯ ಮುಂದೆ ಬಾಬಾಸಾಹೇಬರ ಸತ್ಯಾಗ್ರಹ ಸುರುವಾಗಿತ್ತು. ದಂಡಿಯನ್ನು ನಾನು ಶಾಲೆಯಲ್ಲಿ ಓದಿದೆ. ಕಾಳಾರಾಮವನ್ನು ಓದಿದ್ದು ಹಾಸ್ಟೆಲಿನಲ್ಲಿ, ಯಾರೋ ಕೊಟ್ಟ ಹರಿದ ಪುಸ್ತಕದಲ್ಲಿ.

ಊರ ಬಾವಿಯ ನೀರು ಸೇದೋದು, ಹೋಟೆಲಿನ ಬೆಂಚಿನ ಮೇಲೆ ಕೂತು ಚಾ ಕುಡಿಯೋದು, ಮನಸ್ಸು ಕೊಟ್ಟವರನ್ನು ಮದುವೆಯಾಗೋದು. ಇವು ಖಾಸಗಿ ವಿಷಯ, ರಾಜಕೀಯ ಬೇರೆ ಅಂತಾರೆ ತಿಳಿದವರು. ನಮ್ಮಲ್ಲಿ ಇವಕ್ಕಾಗಿಯೇ ಪೆಟ್ಟು ತಿಂದವರಿದ್ದಾರೆ, ಸತ್ತವರಿದ್ದಾರೆ. ಇವಕ್ಕಾಗಿ ಹೋರಾಡಬೇಕೇ ಅಂತ ಕೇಳಿದರೆ ಬೇಕು, ಅದರಲ್ಲಿ ಎರಡು ಮಾತಿಲ್ಲ. ಸಾಯಬೇಕೇ ಅಂದರೆ ಮಹಾಡ್ ನೋಡಿ.

1927ರ ಮಾರ್ಚ್ 20ರಂದು ಬಾಬಾಸಾಹೇಬರು ಚವದಾರ ಕೆರೆಯ ನೀರು ಕುಡಿದರು. ಆಮೇಲೆ ನಮ್ಮ ಜನರ ಮೇಲೆ ಸವರ್ಣೀಯರು ಬಿದ್ದು ಹೊಡೆದರು. ತಿರುಗಿ ಹೊಡೆಯಬಲ್ಲವರು ನಮ್ಮಲ್ಲೂ ಇದ್ದರು, ಮಿಲಿಟರಿಯಲ್ಲಿದ್ದು ಬಂದವರೂ ಇದ್ದರು. ಬಾಬಾಸಾಹೇಬರು ತಡೆದರು. ಡಿಸೆಂಬರಿನಲ್ಲಿ ಮತ್ತೆ ಸಾವಿರಾರು ಜನ ಸೇರಿದರು. ಕೆರೆಗೆ ಹೋಗಬಾರದೆಂದು ಕೋರ್ಟಿನ ತಡೆಯಾಜ್ಞೆ ಬಂದಿತ್ತು. ಜೈಲಿಗೆ ಹೋಗಲು ತಯಾರಾಗಿ ಬಂದಿದ್ದವರನ್ನು ಮತ್ತೆ ತಡೆದರು. ಮನುಸ್ಮೃತಿಗೆ ಬೆಂಕಿ ಬಿತ್ತು, ಕೆರೆಯ ಜಗಳ ಕೋರ್ಟಿನಲ್ಲೇ ಉಳಿಯಿತು. ಹೈಕೋರ್ಟಿನಲ್ಲಿ ಗೆದ್ದದ್ದು 1937ರಲ್ಲಿ. ಒಂದು ಬೊಗಸೆ ನೀರಿಗೆ ಹತ್ತು ವರುಷ! ಅದನ್ನು ಹೇಡಿತನ ಅಂತೀರಾ?

ಇನ್ನೊಂದು ಕಡೆ ಕಂಬಾಲಪಲ್ಲಿ. 2000ದ ಮಾರ್ಚ್ 11ರಂದು, ಆಗಿನ ಕೋಲಾರ ಜಿಲ್ಲೆಯ ಆ ಊರಿನಲ್ಲಿ ಏಳು ಜನ ದಲಿತರನ್ನು ಸುಟ್ಟು ಕೊಂದರು. ಅವರು ಯಾವ ಸಭೆಯಲ್ಲೂ ಸಾಯೋಕೆ ರೆಡಿ ಅಂತ ಕೈ ಎತ್ತಿದವರಲ್ಲ. ಸಾಕ್ಷಿಗಳು ತಿರುಗಿಬಿದ್ದರು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆಯಾದರು, 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಏಳು ಹೆಣ ಸಾಲಲಿಲ್ಲ ಗೆಳೆಯರೇ. ಎಂಟನೆಯ ಹೆಣ ಬಿದ್ದಿದ್ದರೆ ಸಾಲುತ್ತಿತ್ತೇ? ಕಟಕಟೆಯಲ್ಲಿ ನಿಂತು ಕಡೇವರೆಗೂ ನುಡಿಯುವ ಬಾಯಿ ಬೇಕಿತ್ತು, ಆ ಬಾಯಿಗೆ ಕಾವಲಾಗಿ ಹಗಲುರಾತ್ರಿ ನಿಲ್ಲುವ ಜನ ಬೇಕಿತ್ತು.

ನಾನೂ ರಕ್ತ, ಬೆಂಕಿ ಅಂತ ಕವಿತೆ ಬರೆದವನೇ. ಚಪ್ಪಾಳೆ ಬಿದ್ದಿದೆ. ಬರೆಯುವಾಗ ಅವ್ವನ ಮುಖ ನೆನಪಾಗಿರಲಿಲ್ಲ. ಹೋರಾಟದ ದಾರಿಯಲ್ಲಿ ಸಾವು ಎದುರಾದರೆ ಬೆನ್ನು ತೋರಿಸಬೇಡ ಅನ್ನೋದು ಬೇರೆ. ಮೈಕಿನ ಮುಂದೆ ನಿಂತು ಹದಿನೇಳರ ಹುಡುಗನ ಪ್ರಾಣ ಕೇಳೋದು ಬೇರೆ. ಕೇಳುವವರು ನಮ್ಮವರೇ ಆಗಿದ್ದರೂ ನಾನು ಒಪ್ಪಲಾರೆ.

ತಮ್ಮಾ, ಈ ಸಂಚಿಕೆ ನಿನ್ನ ಕೈಗೆ ಸಿಕ್ಕರೆ ಮುಂದಿನ ಸಭೆಗೆ ಬಾ. ಊರಿನ ಬಾವಿಯ ತಕರಾರು ಅಂದಿದ್ದೆಯಲ್ಲ, ಅರ್ಜಿ ಬರೆಯೋದಿದೆ. ನಿನ್ನ ಅಕ್ಷರ ಚೆನ್ನಾಗಿದೆ. ಊಟ ಮಾಡಿಕೊಂಡೇ ಬಾ.