ಗೆದ್ದ ಮೇಲೆ ಕಾವಲು ಬೇಡವೇ?

ಕಷ್ಟ ಬಂದಾಗ ದೇವಾಲಯದ ದಾರಿಯನ್ನು ನಮಗೆ ಯಾರೂ ತೋರಿಸಬೇಕಾಗಿಲ್ಲ. ಪರೀಕ್ಷೆಗೆ ಮುನ್ನ ನೊವೇನಾ, ಕೆಲಸಕ್ಕಾಗಿ ಹರಕೆ, ವೀಸಾಕ್ಕಾಗಿ ಜಪಸರ. ಕೇಳಿದ್ದು ಕೈಸೇರಿದ ಮೇಲೆ ಒಂದು ಕೃತಜ್ಞತಾ ಬಲಿಪೂಜೆ, ಒಂದು ಔತಣ, ಅಲ್ಲಿಗೆ ಮುಗಿಯಿತು. ಪಾಪನಿವೇದನೆ ಮುಂದಕ್ಕೆ ಹೋಗುತ್ತದೆ, ಕುಟುಂಬ ಪ್ರಾರ್ಥನೆ ನಿಲ್ಲುತ್ತದೆ. ವಿಚಾರಿಸಿದರೆ, "ದೇವರ ಆಶೀರ್ವಾದವಿದೆ ಫಾದರ್, ಇನ್ನೇನು ಚಿಂತೆ?" ಎಂಬ ಉತ್ತರ. ಗೆಲುವನ್ನೇ ದೇವರು ಕೊಟ್ಟ ನಡತೆಯ ಪ್ರಮಾಣಪತ್ರವೆಂದು ತಿಳಿಯುವುದು ಭಕ್ತಿಯಲ್ಲ, ಭ್ರಮೆ.

ಚಳ್ಳಕೆರೆ ಸಮೀಪದ ವರವು ಕಾವಲ್ ನಮಗೆ ಬೇರೊಂದು ಪಾಠ ಹೇಳುತ್ತದೆ. ಅಮೃತಮಹಲ್ ದನಗಳ ಮೇವಿಗಾಗಿ ಮೈಸೂರು ಅರಸರ ಕಾಲದಲ್ಲಿ ಕಾದಿರಿಸಿದ ಹುಲ್ಲುಗಾವಲುಗಳೇ ಕಾವಲುಗಳು. ಹುಲ್ಲು ಸಮೃದ್ಧವಾಗಿ ಬೆಳೆದಾಗಲೇ ಅದಕ್ಕೆ ಕಾವಲು ಬೇಕು. ಬೋಳು ನೆಲವನ್ನು ಕಾಯುವವರಾರು?

ಅದೇ ನೆಲದಲ್ಲಿ 2017ರಲ್ಲಿ ಡಿ.ಆರ್.ಡಿ.ಓ. ಸಂಸ್ಥೆಯ ವೈಮಾನಿಕ ಪರೀಕ್ಷಾ ಕೇಂದ್ರ ಉದ್ಘಾಟನೆಯಾಯಿತು. 2023ರ ಏಪ್ರಿಲ್ 2ರಂದು ಇಸ್ರೋ ತನ್ನ ಮರುಬಳಕೆಯ ಉಡಾವಣಾ ವಾಹನದ ಮಾದರಿಯನ್ನು ಹೆಲಿಕಾಪ್ಟರಿನಿಂದ ಕೆಳಗೆ ಬಿಟ್ಟಿತು. ಅದು ತಾನಾಗಿಯೇ ದಾರಿ ಹಿಡಿದು ರನ್‌ವೇಯಲ್ಲಿ ಇಳಿಯಿತು. ಗೆದ್ದೆವೆಂದು ವಿಜ್ಞಾನಿಗಳು ಸುಮ್ಮನಾಗಲಿಲ್ಲ. 2024ರ ಮಾರ್ಚ್ 22ರಂದು ಅದನ್ನು ರನ್‌ವೇಯ ನೇರದಿಂದ 150 ಮೀಟರ್ ಪಕ್ಕಕ್ಕೆ ಬಿಟ್ಟರು; ಜೂನ್ 23ರಂದು 500 ಮೀಟರ್ ಪಕ್ಕಕ್ಕೆ, ಇನ್ನೂ ಬಿರುಸಾದ ಗಾಳಿಯಲ್ಲಿ ಬಿಟ್ಟರು. ಪ್ರತಿ ಯಶಸ್ಸಿನ ನಂತರ ಮತ್ತಷ್ಟು ಕಠಿಣವಾದ ಪರೀಕ್ಷೆ! ಯಂತ್ರದ ವಿಷಯದಲ್ಲಿ ಇಷ್ಟು ಎಚ್ಚರವಿರುವಾಗ ಆತ್ಮದ ವಿಷಯದಲ್ಲಿ ಒಂದೇ ಗೆಲುವು ಸಾಕೇ?

ಪೂರ್ವಕಾಲದ ಇತಿಹಾಸದ ಎರಡನೆಯ ಗ್ರಂಥದ 26ನೆಯ ಅಧ್ಯಾಯವನ್ನು ಓದಿ ನೋಡಿ. ಹದಿನಾರನೆಯ ವಯಸ್ಸಿನಲ್ಲಿ ಪಟ್ಟವೇರಿದ ಉಜ್ಜೀಯನು ದೇವರನ್ನು ಅರಸಿದನು, ಏಳಿಗೆ ಹೊಂದಿದನು. ಅಡವಿಯಲ್ಲಿ ಗೋಪುರಗಳನ್ನು ಕಟ್ಟಿಸಿದನು, ಬಾವಿಗಳನ್ನು ತೋಡಿಸಿದನು, ದನಕರುಗಳನ್ನು ಹೆಚ್ಚಿಸಿಕೊಂಡನು, ಯುದ್ಧಯಂತ್ರಗಳನ್ನು ಮಾಡಿಸಿದನು. ಅವನನ್ನು ಕೆಡವಿದ್ದು ಶತ್ರುವಲ್ಲ, ಅವನ ಬಲವೇ. ಯಾಜಕರಿಗೆ ಮಾತ್ರ ಸಲ್ಲುವ ಧೂಪಾರತಿಯನ್ನು ತಾನೇ ಮಾಡಲು ದೇವಾಲಯಕ್ಕೆ ನುಗ್ಗಿದನು. ಯಾಜಕರು ತಡೆದಾಗ ಕೆರಳಿದನು. ಕೊನೆಗೆ ಕುಷ್ಠರೋಗಿಯಾಗಿ ಸಾಯುವ ತನಕ ಒಂಟಿಯಾಗಿ ಬಾಳಿದನು. ನಾಡಿನ ಗಡಿಗೆಲ್ಲ ಕಾವಲಿಟ್ಟ ಅರಸನು ಹೃದಯಕ್ಕೆ ಇಡಲಿಲ್ಲ.

ಹಾಗಾದರೆ ಗೆಲ್ಲುವುದೇ ತಪ್ಪೇ? ಖಂಡಿತ ಅಲ್ಲ. ಶ್ರಮದ ಫಲವನ್ನು ಸಂತೋಷದಿಂದ ಸ್ವೀಕರಿಸೋಣ. ಆದರೆ ಕಾವಲು ಸಡಿಲವಾದುದಕ್ಕೆ ಎರಡು ಗುರುತುಗಳಿವೆ. ಮೊದಲನೆಯದು, ಬುದ್ಧಿಮಾತು ಕೇಳಿದರೆ ಉಜ್ಜೀಯನಂತೆ ಕೋಪ ಬರುವುದು. ಎರಡನೆಯದು, ಹೊರಗಿನವರ ದನಿ ಕಿವಿಗೆ ಬೀಳದಿರುವುದು. ಚಳ್ಳಕೆರೆಯ ಕಾವಲುಗಳು ದೊಡ್ಡ ಸಂಸ್ಥೆಗಳ ಪಾಲಾದಾಗ, ಮೇವಿನ ನೆಲ ಕಳೆದುಕೊಂಡವರ ಅಳಲು 2013ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಬಾಗಿಲು ತಟ್ಟಬೇಕಾಯಿತು. ನಮ್ಮ ಗೆಲುವಿನ ಗೋಡೆಯ ಹೊರಗೂ ಯಾರೋ ನಿಂತಿರುತ್ತಾರೆ: ತಮ್ಮನ ಓದಿಗಾಗಿ ತನ್ನ ಓದು ಬಿಟ್ಟು ದುಡಿದ ಅಕ್ಕ, ನಮ್ಮ ಸಾಲಕ್ಕೆ ಜಾಮೀನು ನಿಂತ ನೆರೆಯವ, ಹೊಸ ಮನೆ ಕಟ್ಟಿ ಪೂರ್ತಿ ಕೂಲಿ ಕಾಣದ ಗಾರೆಯವ. ಅವರನ್ನು ಮರೆತು ಹಚ್ಚಿದ ಮೇಣದಬತ್ತಿ ಯಾರಿಗೆ ಬೆಳಕು ಕೊಟ್ಟೀತು?

ಆದುದರಿಂದ ಕ್ರೈಸ್ತ ಬಾಂಧವರೇ, ಮುಂದಿನ ಸಲ ಕೃತಜ್ಞತಾ ಬಲಿಪೂಜೆಗೆ ಹೆಸರು ಬರೆಸುವಾಗ ಅದೇ ವಾರ ಪಾಪನಿವೇದನೆಗೂ ಬನ್ನಿ. ಔತಣಕ್ಕೆ ಮುಂಚೆ ಕೊಡಬೇಕಾದ ಕೂಲಿಯನ್ನು ಕೊಟ್ಟುಬಿಡಿ, ಆ ಅಕ್ಕನ ಮನೆಗೆ ಹೋಗಿಬನ್ನಿ. ಎಚ್ಚರವಾಗಿರಿ ಎಂದು ಪ್ರಭು ಯೇಸು ಹೇಳಿದ್ದು ಸೋತವರಿಗೆ ಮಾತ್ರವಲ್ಲ; ಹುಲುಸಾಗಿ ಬೆಳೆದ ಹುಲ್ಲಿಗೇ ಕಾವಲು ಹೆಚ್ಚು ಬೇಕು.