ತಲೆಗೆ ಹತ್ತದ ಲೆಕ್ಕ

"ಸರ್, ಇವಳ ತಲಿಗೆ ಲೆಕ್ಕ ಹತ್ತಂಗಿಲ್ರಿ. ಓದಿದ್ದು ಸಾಕು, ಮನಿಯಾಗ ಇರ್ಲಿ ಬಿಡ್ರಿ."

ಯಡೂರಿನ ಹತ್ತಿರದ ಸಣ್ಣ ಶಾಲೆಯೊಂದರಲ್ಲಿ ನಾನು ಪಾಠ ಮಾಡುತ್ತಿದ್ದಾಗ ತಾಯಿಯೊಬ್ಬರು ಹೇಳಿದ ಮಾತಿದು. ಮಗಳು ಆಗ ನಾಲ್ಕನೇ ತರಗತಿ. ಪ್ರಿಯ ಓದುಗರೇ, ನಿಮ್ಮ ಮನೆಯಲ್ಲೂ ಇಂತಹ ಮಾತು ಬಂದಿರಬಹುದು.

ಅವಳ ಪಾಟಿ ನೋಡಿದೆ. 52ರಲ್ಲಿ 27 ಕಳೆದು 35 ಎಂದು ಬರೆದಿದ್ದಳು. ಹೇಗೆಂದು ಕೇಳಿದೆ. "ಏಳರಾಗ ಎರಡು ಹೋದ್ರ ಐದು, ಐದರಾಗ ಎರಡು ಹೋದ್ರ ಮೂರು" ಎಂದಳು. ಹುಡುಗಿ ದಡ್ಡಿಯಲ್ಲ. ಯಾವಾಗಲೂ ದೊಡ್ಡದರಲ್ಲಿ ಚಿಕ್ಕದನ್ನು ಕಳೆಯಬೇಕೆಂಬ ತನ್ನದೇ ನಿಯಮವನ್ನು ತಪ್ಪದೆ ಪಾಲಿಸಿದ್ದಳು. ತಪ್ಪು ನನ್ನದಾಗಿತ್ತು. 'ಪಕ್ಕದ ಮನೆಯಿಂದ ಒಂದು ಸಾಲ ತಗೋ' ಎಂದು ಹೇಳಿ ಮುಂದೆ ಹೋಗಿಬಿಟ್ಟಿದ್ದೆ. ಆ ಒಂದು ಎಂದರೆ ಹತ್ತು ಎಂಬುದನ್ನು ತೋರಿಸಿರಲಿಲ್ಲ.

ಮರುದಿನ ಜೋಳದ ದಂಟಿನ ಕಡ್ಡಿಗಳನ್ನು ತಂದೆ. ಹತ್ತತ್ತರ ಐದು ಕಟ್ಟು, ಬಿಡಿಯಾಗಿ ಎರಡು. ಏಳು ಕೊಡಬೇಕು, ಕೈಯಲ್ಲಿರುವುದು ಎರಡೇ. ಒಂದು ಕಟ್ಟು ಬಿಚ್ಚಿದೆ. ಬಿಡಿ ಕಡ್ಡಿ ಹನ್ನೆರಡಾದವು, ಕಟ್ಟು ನಾಲ್ಕು ಉಳಿದವು. ಏಳು ಕಡ್ಡಿ, ಎರಡು ಕಟ್ಟು ತೆಗೆದಾಗ ಉಳಿದದ್ದು 25. ಮೊದಲು ನಾನೇ ಪ್ರತಿ ಹೆಜ್ಜೆಯನ್ನು ಬಾಯಿಬಿಟ್ಟು ಹೇಳುತ್ತಾ ಮಾಡಿದೆ. ನಂತರ ಇಬ್ಬರೂ ಕೂಡಿ ಮಾಡಿದೆವು. ಕೊನೆಗೆ ಅವಳೊಬ್ಬಳೇ ಮಾಡಿದಳು.

ಸಣ್ಣ ಶಾಲೆಗಳಲ್ಲಿ ಒಬ್ಬರೇ ಶಿಕ್ಷಕರು ಹಲವು ತರಗತಿಗಳನ್ನು ಒಟ್ಟಿಗೆ ನೋಡಿಕೊಳ್ಳಬೇಕು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ 'ನಲಿ-ಕಲಿ' ಇಂತಹ ಶಾಲೆಗಳಿಗೆ ದೊಡ್ಡ ಆಸರೆಯಾಯಿತು. ಮಗು ತನ್ನ ವೇಗದಲ್ಲಿ ಕಾರ್ಡು ಹಿಡಿದು ಕಲಿಯುತ್ತದೆ. ಆದರೆ ಕಾರ್ಡು ಅಭ್ಯಾಸ ಮಾಡಿಸಬಲ್ಲದು, ಕಟ್ಟು ಬಿಚ್ಚಿ ತೋರಿಸಲಾರದು. ಉಳಿದ ಮಕ್ಕಳು ಅಭ್ಯಾಸದಲ್ಲಿರುವಾಗ ಒಂದು ಗುಂಪಿಗೆ ಹತ್ತು ನಿಮಿಷ ಹೊಸ ಲೆಕ್ಕವನ್ನು ಬಿಡಿಸಿ ಹೇಳಿದರೆ ಆ ಹತ್ತು ನಿಮಿಷ ವರ್ಷವಿಡೀ ಫಲ ಕೊಡುತ್ತದೆ.

ನಮ್ಮ ಗಡಿಭಾಗದಲ್ಲಿ ಇನ್ನೊಂದು ತೊಡಕೂ ಇದೆ. ಕನ್ನಡದಲ್ಲಿ 'ಐವತ್ತೆರಡು' ಎನ್ನುವಾಗ ಐವತ್ತು ಮೊದಲು, ಎರಡು ನಂತರ, ಬರೆಯುವುದೂ ಹಾಗೆಯೇ. ಮನೆಯಲ್ಲಿ ಉರ್ದು ಕೇಳಿದ ಮಗುವಿಗೆ ಅದು 'ಬಾವನ್', ಮರಾಠಿಯಲ್ಲಿ 'ಬಾವನ್ನ'. ಇಲ್ಲಿ ಎರಡೇ ಮೊದಲು. ಹೀಗಾಗಿ ಮಗು 52ನ್ನು 25 ಎಂದು ಬರೆದರೆ ಆಶ್ಚರ್ಯವಿಲ್ಲ. 29 ಅಂತೂ 'ಉನ್ತೀಸ್', ಅಂದರೆ ಮೂವತ್ತಕ್ಕೆ ಒಂದು ಕಡಿಮೆ! 2019ರಲ್ಲಿ ಮಹಾರಾಷ್ಟ್ರದ ಎರಡನೇ ತರಗತಿಯ ಗಣಿತ ಪುಸ್ತಕವು 'ಏಕವೀಸ್' ಜೊತೆಗೆ 'ವೀಸ್ ಏಕ್' ಎಂಬ ರೂಪವನ್ನೂ ಕೊಟ್ಟಾಗ ಅಲ್ಲಿ ದೊಡ್ಡ ಚರ್ಚೆಯೇ ನಡೆಯಿತು. ಅದು ಒಪ್ಪಿಗೆಯಾಗಲಿ ಬಿಡಲಿ, ಮಗುವಿನ ಕಷ್ಟ ಮಾತ್ರ ನಿಜ. ಈ ವ್ಯತ್ಯಾಸವನ್ನು ಯಾರಾದರೂ ಅದಕ್ಕೆ ಸ್ಪಷ್ಟವಾಗಿ ಹೇಳಲೇಬೇಕು.

ತಾಯಂದಿರೇ, ಇದಕ್ಕೆ ನಿಮಗೆ ದೊಡ್ಡ ಓದು ಬೇಕಿಲ್ಲ. ಮಗು ತಪ್ಪು ಮಾಡಿದಾಗ 'ಹೇಗೆ ಮಾಡಿದಿ?' ಎಂದು ಕೇಳಿ, ಪೂರ್ತಿ ಹೇಳುವ ತನಕ ಸುಮ್ಮನಿರಿ. ಅಂಗಡಿಗೆ ಕಳಿಸುವಾಗ ನೂರು ರೂಪಾಯಿ ಕೊಟ್ಟು, 64 ರೂಪಾಯಿ ಸಾಮಾನಿಗೆ ಎಷ್ಟು ವಾಪಸ್ ಬರಬೇಕೆಂದು ಜೊತೆಗೆ ಕೂಡಿ ಲೆಕ್ಕ ಹಾಕಿ.

ಆ ತಾಯಿಯನ್ನು ಶಾಲೆಗೆ ಕರೆಸಿ ಮಗಳ ಕೈಯಿಂದಲೇ ಕಡ್ಡಿಯ ಲೆಕ್ಕ ಮಾಡಿಸಿದೆ. ಅವರು ಬಹಳ ಹೊತ್ತು ಪಾಟಿಯನ್ನೇ ನೋಡಿದರು. "ನನಗೂ ಹಿಂಗ ಯಾರೂ ಹೇಳಿಕೊಡ್ಲಿಲ್ರಿ" ಎಂದರು. ಹುಡುಗಿ ಮರುವರ್ಷ ಐದನೇ ತರಗತಿಗೆ ಬಂದಳು. 'ಲೆಕ್ಕ ಹತ್ತಂಗಿಲ್ಲ' ಎಂದು ತೀರ್ಪು ಕೊಡುವ ಮೊದಲು, ನಾವು ಹೇಳಿಕೊಟ್ಟಿದ್ದೇವೆಯೇ ಎಂದು ಕೇಳಿಕೊಳ್ಳೋಣ.