ಕಾರಣದ ಕಲಂ

ಗಾಂಜಾ ಸೇದಿದವನಿಗೆ ಹುಚ್ಚು ಹಿಡಿಯುವುದೇ? ಈ ಪ್ರಶ್ನೆಯನ್ನು ನಮ್ಮ ದೇಶದಲ್ಲಿ ಸರ್ಕಾರವೇ ಒಮ್ಮೆ ಬಹು ಗಂಭೀರವಾಗಿ ಕೇಳಿತ್ತು. 1893ರಲ್ಲಿ ನೇಮಕವಾದ ಇಂಡಿಯನ್ ಹೆಂಪ್ ಡ್ರಗ್ಸ್ ಕಮಿಷನ್ 1,193 ಸಾಕ್ಷಿಗಳನ್ನು ವಿಚಾರಿಸಿ, ಮರುವರ್ಷ ಸಂಪುಟಗಟ್ಟಲೆ ವರದಿಯನ್ನೊಪ್ಪಿಸಿತು. ನನ್ನ ಮಟ್ಟಿಗೆ ಅದರಲ್ಲಿ ಅತ್ಯಂತ ಸ್ವಾರಸ್ಯವಾದ ಭಾಗ ಹುಚ್ಚಾಸ್ಪತ್ರೆಗಳ ದಫ್ತರಿನ ಪರಿಶೀಲನೆ.

1892ರಲ್ಲಿ ಬ್ರಿಟಿಷ್ ಇಂಡಿಯದ ಆಸ್ಪತ್ರೆಗಳಿಗೆ ಸೇರಿದವರ ಪೈಕಿ 222 ಮಂದಿಯ ಹುಚ್ಚಿಗೆ ಗಾಂಜಾ, ಭಂಗಿ, ಚರಸ್‌ಗಳೇ ಮೂಲವೆಂದು ಬರೆದಿತ್ತು. ಬರೆದವರು ಯಾರು? ಬೀದಿಯಲ್ಲಿ ಅಲೆಯುತ್ತಿದ್ದವನನ್ನು ಹಿಡಿದುತಂದ ಪೋಲೀಸರು. ಅವರು ತುಂಬಬೇಕಾದ ನಮೂನೆಯಲ್ಲಿ ‘ಕಾರಣ’ ಎಂಬುದೊಂದು ಕಲಂ. ಕಲಮನ್ನು ಖಾಲಿ ಬಿಟ್ಟರೆ ಮೇಲಿನವರು ಒಪ್ಪರು. ಬಂದವನಿಗೆ ಚಿಲುಮೆಯ ಚಟವಿತ್ತೆಂದು ಯಾರಾದರೂ ಅಂದರೆ ಸಾಕು, ಕಲಂ ತುಂಬಿತು. ವೈದ್ಯನು ಅದನ್ನೇ ನಕಲುಮಾಡಿದನು. ಕಮಿಷನ್ ಒಂದೊಂದು ಪ್ರಕರಣವನ್ನೂ ಊರು, ಮನೆತನಗಳವರೆಗೆ ಬೆನ್ನಟ್ಟಿ ವಿಚಾರಿಸಿದ ಮೇಲೆ ಉಳಿದವು 98. ಬೇರಾವ ಕಾರಣವೂ ಕಾಣದೆ ಗಾಂಜಾ ಒಂದೇ ಎನ್ನಬಹುದಾದವು 61.

ಈ ವರದಿಯನ್ನು ತೋರಿಸಿ ಗಾಂಜಾ ನಿರಪಾಯವೆಂದು ವಾದಿಸುವವರಿದ್ದಾರೆ. ನಾನು ಒಪ್ಪಲಾರೆ. ಅರವತ್ತೊಂದು ಎಂದರೆ ಸೊನ್ನೆಯಲ್ಲ. ಅಲ್ಲದೆ ಸ್ವೀಡನ್ನಿನಲ್ಲಿ 45,570 ಸೈನಿಕ ತರುಣರನ್ನು ಹದಿನೈದು ವರ್ಷ ಗಮನಿಸಿ 1987ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಐವತ್ತಕ್ಕಿಂತ ಹೆಚ್ಚು ಸಲ ಸೇವಿಸಿದ್ದವರಿಗೆ ಸ್ಕಿಜೋಫ್ರೀನಿಯ ತಗಲುವ ಸಂಭವ ಆರು ಪಟ್ಟು ಕಂಡಿತು. ಅವರಲ್ಲಿ ಬಹುಪಾಲು ಜನ ರೋಗಿಗಳಾಗಲಿಲ್ಲವೆಂಬುದೂ ಅಷ್ಟೇ ನಿಜ. ಎಳೆಯ ವಯಸ್ಸು, ಮಾಲಿನ ಕಡುಪು, ದಿನನಿತ್ಯದ ಸೇವನೆ, ಮನೆತನದಲ್ಲಿ ಮೊದಲೇ ಇದ್ದ ಮನೋರೋಗ, ಇವು ಕೂಡಿದಲ್ಲಿ ಅಪಾಯ ಹೆಚ್ಚು.

ನಮ್ಮ 1985ರ ಕಾಯಿದೆಯಾದರೋ ತಕ್ಕಡಿ ಹಿಡಿದು ಕೂತಿದೆ. ಒಂದು ಕಿಲೋ ಗಾಂಜಾದವರೆಗೆ ಅಲ್ಪ ಪ್ರಮಾಣ. ಇಪ್ಪತ್ತು ಕಿಲೋ ಮೀರಿದರೆ ವಾಣಿಜ್ಯ. ಹೂವಿನ ತೆನೆ ಅಪರಾಧ, ಬರಿಯ ಎಲೆ ಗಾಂಜಾದ ವ್ಯಾಖ್ಯೆಯಿಂದ ಹೊರಗೆ. (ಒಂದೇ ಗಿಡ, ಮಾರಾಯರೆ!) ಸಾಗಣೆಗಾರನನ್ನು ಹಿಡಿಯಲು ತೂಕ ಬೇಕು, ಸರಿ. ಆದರೆ ಹದಿನಾರರ ಹುಡುಗನ ಬುದ್ಧಿ ಕದಡುವುದು ಗ್ರಾಮುಗಳ ಲೆಕ್ಕದಿಂದಲ್ಲ. ಅವನನ್ನು ಠಾಣೆಗೆ ಒಪ್ಪಿಸುವುದೆಂದರೆ ಆ ಹಳೆಯ ಕಲಮನ್ನು ಪುನಃ ಪೋಲೀಸರ ಕೈಯಿಂದಲೇ ತುಂಬಿಸಿದಂತೆ.

ಸೋಜಿಗವೆಂದರೆ, ಅದೇ ಕಾಯಿದೆಯ 64ಎ ಕಲಮು ವ್ಯಸನಿಗೆ ಒಂದು ಬಾಗಿಲನ್ನು ತೆರೆದಿಟ್ಟಿದೆ: ಅಲ್ಪ ಪ್ರಮಾಣದ ಅಥವಾ ಸೇವನೆಯ ಆರೋಪ ಹೊತ್ತವನು ತಾನಾಗಿಯೇ ಮಾನ್ಯ ಆಸ್ಪತ್ರೆಯಲ್ಲಿ ಚಿಕಿತ್ಸೆ ಬಯಸಿ ಪಡೆದರೆ ಅವನ ಮೇಲೆ ಮೊಕದ್ದಮೆ ನಡೆಯದು, ಚಿಕಿತ್ಸೆಯನ್ನು ನಡುವೆ ಬಿಟ್ಟರೆ ಮಾತ್ರ ಆ ರಕ್ಷಣೆ ಹೋಗಬಹುದು. ವಿದ್ಯಾರ್ಥಿನಿಲಯಗಳ ಫಲಕಗಳಲ್ಲಿ ಶಿಕ್ಷೆಯ ವರ್ಷಗಳನ್ನು ದಪ್ಪಕ್ಷರದಲ್ಲಿ ಬರೆದಿರುವುದನ್ನು ನೋಡಿದ್ದೇನೆ. ಈ ಕಲಮನ್ನು ಬರೆದ ಫಲಕವನ್ನು ಇದುವರೆಗೆ ಒಂದನ್ನೂ ಕಂಡಿಲ್ಲ.